ಮಿರ್ಗದ ಮಳೆ ಮತ್ತು ಮೂರು ಚುಕ್ಕಿ



ಒಂದು ಫೆಬ್ರವರಿಯಲ್ಲಿ ಮೆಣಸಿನಕಾಯಿ ದರದ ವರದಿಗೆ ಬ್ಯಾಡಗಿಗೆ ಹೋಗಿದ್ದೆ. ಘಾಟಿಗೆ ಸೀನಿ ಸೀನಿ ಸಾಕಾಗಿ ಸಂಜೆ ಮಾರುಕಟ್ಟೆಯಿಂದ ಹೊರಗೆ ಬಂದೆ. ಚೀಲದ ಮೇಲೆ ಕೂತಿದ್ದ ರೈತ ಅಜ್ಜರೊಬ್ಬರು ಆಕಾಶ ತೋರಿಸಿದರು.

"ತಮ್ಮಾ, ಮೂರು ಚುಕ್ಕಿ ಸಾಲಾಗಿ ಅದಾವಲ್ಲ, ಅಲ್ಲೇ ಮಿರ್ಗ ಐತಿ ನೋಡು."

"ಅಜ್ಜಾರ, ಮಿರ್ಗದ ಮಳಿ ಜೂನ್‌ನಾಗಲ್ರೀ? ಆಗೂ ಹಿಂಗ ಕಾಣ್ತದೇನ್ರಿ?"

"ಆಗ ಸೂರ್ಯಪ್ಪ ಅದರ ಮನ್ಯಾಗ ಇರ್ತಾನ. ಹೆಂಗ ಕಾಣಬೇಕು?"

ನಾನು ಎಂಜಿನಿಯರಿಂಗ್ ಓದಿದವನು. ಆದರೂ ಇದು ಹೊಳೆದಿರಲಿಲ್ಲ! ಮಳೆ ನಕ್ಷತ್ರ ಅಂದ್ರೆ ಸೂರ್ಯ ಇರುವ ನಕ್ಷತ್ರ. 27 ನಕ್ಷತ್ರ, ಒಂದೊಂದಕ್ಕೆ 13-14 ದಿನ. ಮೃಗಶಿರ ಹಿಡಿಯೋದು ಜೂನ್ 8ರ ಆಸುಪಾಸಿಗೆ.

ಕಥೆಯೂ ಅಲ್ಲೇ ಇದೆ. ಪ್ರಜಾಪತಿ ಜಿಂಕೆಯಾಗಿ ತನ್ನ ಮಗಳನ್ನೇ ಬೆನ್ನಟ್ಟಿದ. ಆ ತಪ್ಪಿಗೆ ಬೇಟೆಗಾರ ಬಾಣ ಬಿಟ್ಟ. ಐತರೇಯ ಬ್ರಾಹ್ಮಣದ ಪ್ರಕಾರ ಓಡಿದ ಮಗಳು ರೋಹಿಣಿ, ಮೂರು ಚುಕ್ಕಿ ಬಾಣ, ಹೊಡೆದವನು ಮೃಗವ್ಯಾಧ. ಅಂದರೆ ನಾವು ಲುಬ್ಧಕ ಅನ್ನುವ, ರಾತ್ರಿ ಆಕಾಶದ ಅತಿ ಪ್ರಕಾಶಮಾನ ನಕ್ಷತ್ರ. ರೋಹಿಣಿಯನ್ನು ನೋಡಿ, ಕೆಂಪಗಿದೆ. ಗ್ರೀಕರಿಗೂ ಇಲ್ಲಿ ಕಂಡವನು ಬೇಟೆಗಾರನೇ, ಓರಿಯನ್. ಅಧಿಕಾರದಲ್ಲಿದ್ದವನು ತಪ್ಪು ಮಾಡಿದರೆ ಅವನಿಗೂ ಬಾಣ ತಪ್ಪಿದ್ದಲ್ಲ ಅಂತ ನಮ್ಮ ಹಿರಿಯರು ಆಕಾಶದಲ್ಲೇ ಬರೆದಿಟ್ಟರು.

ಈಗ ಲೆಕ್ಕಕ್ಕೆ ಬರೋಣ. ಭೂಮಿಯ ಅಕ್ಷ ನಿಧಾನವಾಗಿ ತಿರುಗುತ್ತಿದೆ. ಹಾಗಾಗಿ ಸುಮಾರು 71 ವರ್ಷಕ್ಕೊಂದು ದಿನದಂತೆ ನಕ್ಷತ್ರದ ಲೆಕ್ಕ ಋತುವಿಗಿಂತ ತಡವಾಗುತ್ತದೆ. 700 ವರ್ಷದಲ್ಲಿ ಹತ್ತು ದಿನ! ಪಂಚಾಂಗದ ತಾರೀಕು ಬಂತು ಅಂತ ಮೋಡ ಬರಬೇಕೆಂದೇನೂ ಇಲ್ಲ. ಒಂದೇ ಹದಮಳೆ ನಂಬಿ ಬೀಜ ಹಾಕಿ, ಆಮೇಲೆ ಮಳೆ ಕೈಕೊಟ್ಟರೆ ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲ ಮಣ್ಣುಪಾಲು. ಸಾಲ ಮಾತ್ರ ಉಳಿಯುತ್ತೆ.

ಇದನ್ನು ಅಜ್ಜರಿಗೆ ಹೇಳಿದೆ. "ನಕ್ಷತ್ರ ನೆಪ್ಪಿಗೆ ಅಷ್ಟ ತಮ್ಮಾ. ಬಿತ್ತೂ ಮುಂದ ಮಣ್ಣಾಗ ಕೈ ಹಾಕಿ ಹಸಿ ನೋಡ್ತೀವಿ" ಅಂದರು.

ಬೆಳಗ್ಗೆದ್ದು ರಾಶಿಫಲ ತೋರಿಸುವ ನಮ್ಮ ಟಿವಿಯವರಿಗೂ ಈ ಮಾತು ಅನ್ವಯಿಸುತ್ತೆ, ನಾನೂ ಸೇರಿ. ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸರ್ಕಾರದ ಮಳೆಮಾಪಕಗಳಿವೆ. ಆ ಅಂಕಿ ಬಿತ್ತನೆಗೆ ಮೊದಲೇ ರೈತರ ಕೈ ಸೇರಬೇಕು. ಅದನ್ನು ಕೇಳುವುದು, ತೋರಿಸುವುದು ನಮ್ಮ ಕೆಲಸ.

ಮಕ್ಕಳಿಗೆ ಕಥೆ ಹೇಳಿ, ಮೂರು ಚುಕ್ಕಿ ತೋರಿಸಿ. ಬಿತ್ತುವಾಗ ಮಾತ್ರ ಮಣ್ಣು ಮುಟ್ಟಿ ನೋಡಿ.