ಧಾರವಾಡದ ಹತ್ತಿ, ಕಾರವಾರದ ದೀಪ



ದೀಪಸ್ತಂಭ ನೋಡಬೇಕೆಂದರೆ ಹುಬ್ಬಳ್ಳಿ-ಧಾರವಾಡದ ಮಂದಿ ಘಟ್ಟ ಇಳಿಯಲೇಬೇಕು. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾಟಿ ಕಾರವಾರ ಮುಟ್ಟಿದರೆ, ಕಡಲಲ್ಲಿ ದೇವಗಡ ನಡುಗಡ್ಡೆ ಕಾಣುತ್ತದೆ. ಅದರ ನೆತ್ತಿಯ ಮೇಲಿನ ದೀಪಸ್ತಂಭ 1864ರದು. ದೂರದ ಊರಿನದೆಂದು ನಾವು ನೋಡಿ ಬರುವ ಆ ದೀಪಕ್ಕೂ ನಮ್ಮ ಎರೆಹೊಲಗಳಿಗೂ ಹತ್ತಿರದ ನಂಟಿದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಅತ್ತ ಅಲ್ಲಿಯ ಹತ್ತಿಯನ್ನೇ ನೆಚ್ಚಿದ್ದ ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳು ಹತ್ತಿಯಿಲ್ಲದೆ ನಿಂತವು, ಲಕ್ಷಾಂತರ ಕೂಲಿಕಾರರು ಹಸಿದರು. ಆಗ ಮ್ಯಾಂಚೆಸ್ಟರಿನ ಕಣ್ಣು ಧಾರವಾಡ ಜಿಲ್ಲೆಯ ಮೇಲೆ ಬಿತ್ತು. ಅಮೆರಿಕದ ಬೀಜದ ಹತ್ತಿಯನ್ನು ನಮ್ಮ ರೈತರು 1840ರ ದಶಕದಿಂದಲೇ ಬೆಳೆಯುತ್ತಿದ್ದರು. ಜವಾರಿ ಹತ್ತಿಯಂತೂ ಕುಮಟಾದಿಂದ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಆದರೆ ದೊಡ್ಡ ಹಡಗುಗಳಿಗೆ ಕುಮಟಾ ಸಾಲದು. ಗುಡ್ಡಗಳ ಮರೆಯಿದ್ದ ಕಾರವಾರದ ಕೊಲ್ಲಿಯೇ ಬೇಕೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಪಟ್ಟು ಹಿಡಿದರು. 1862ರಲ್ಲಿ ಕಾರವಾರವಿರುವ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಘಟ್ಟದ ರಸ್ತೆ, ಬಂದರಿನ ಕೆಲಸ, ಅವುಗಳ ಬೆನ್ನಿಗೇ ದೀಪ. ಹತ್ತಿಯ ಅಂಡಿಗೆ ಹೇರಿದ ಚಕ್ಕಡಿಗಳು ಕಾಡುದಾರಿಯಲ್ಲಿ ದಿನಗಟ್ಟಲೆ ಇಳಿದು ಹೋದವು. ಆ ಎತ್ತುಗಳ, ಗಾಡಿ ಹೊಡೆದವರ ಪಾಡನ್ನು ನೆನೆಯದೆ ಈ ಕಥೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಯುದ್ಧ 1865ರಲ್ಲಿ ಮುಗಿಯಿತು, ಹತ್ತಿಯ ಬೆಲೆ ಬಿದ್ದಿತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ಬಂದ ರೈಲು ಹತ್ತಿಯನ್ನು ಗೋವೆಯ ಮರ್ಮಗೋವಾ ಬಂದರಿನತ್ತ ಒಯ್ದಿತು. ಕಾರವಾರದ ವ್ಯಾಪಾರ ಸೊರಗಿತು.

ದೀಪವನ್ನು ನಡುಗಡ್ಡೆಯ ತುದಿಗೇ ಏಕೆ ಇಟ್ಟರು? ಭೂಮಿ ದುಂಡಗಿದೆ, ಬೆಳಕು ನೆಟ್ಟಗೆ ಹೋಗುತ್ತದೆ. ನೀರಿನ ಮಟ್ಟದಿಂದ 10 ಮೀಟರ್ ಎತ್ತರದ ದೀಪಕ್ಕೆ ದಿಗಂತ ಸುಮಾರು 11 ಕಿಲೋಮೀಟರ್. 60 ಮೀಟರಿಗೆ ಏರಿಸಿದರೆ ಸುಮಾರು 28. ಗೋಪುರ ಗಿಡ್ಡವಾಗಿದ್ದರೂ ಗುಡ್ಡ ಹೆಗಲು ಕೊಡುತ್ತದೆ.

ಆ ಕಾಲದ ದೀಪವೆಂದರೆ ಎಣ್ಣೆ-ಬತ್ತಿಯ ದೀಪ. ಅಷ್ಟು ಸಣ್ಣ ಉರಿ ಅಷ್ಟು ದೂರ ಹೋಗುವುದು ಗಾಜಿನ ಗುಣದಿಂದ. ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ ದಪ್ಪ ಮಸೂರವನ್ನು ಬಿಡಿಬಿಡಿ ಬಳೆಗಳಾಗಿ ಒಡೆದು ಜೋಡಿಸಿದ. ನಡುವೆ ಉಬ್ಬುಗಾಜು, ಸುತ್ತ ಅಂಚು ಕೊರೆದ ಉಂಗುರಗಳು. ಮೇಲಕ್ಕೂ ಕೆಳಕ್ಕೂ ಚೆಲ್ಲಿ ಹೋಗಬೇಕಾದ ಬೆಳಕನ್ನು ಅವು ಬಾಗಿಸಿ ಕಡಲಿನತ್ತ ಕಳಿಸುತ್ತವೆ. ಹಗಲಲ್ಲಿ ಇದೇ ಮಸೂರ ಬಿಸಿಲನ್ನು ಒಂದೆಡೆ ಕೂಡಿಸಿ ದೀಪವನ್ನೇ ಸುಟ್ಟೀತು! ಅದಕ್ಕೇ ದೀಪದ ಕೋಣೆಯ ಕಿಟಕಿಗಳಿಗೆ ಹಗಲು ಪರದೆ ಎಳೆಯುವ ರೂಢಿ.

ದೇವಗಡಕ್ಕೆ ದೋಣಿ ಬೇಕು. ಅನುಮತಿಯ ವಿಚಾರ ಕಾರವಾರದಲ್ಲಿ ಕೇಳಿಕೊಂಡೇ ಹೊರಡಿ, ಮಳೆಗಾಲದಲ್ಲಿ ಆ ಮಾತೇ ಬೇಡ. ಮೆಟ್ಟಿಲು ಹತ್ತಿಯೇ ನೋಡಬೇಕೆಂಬ ಆಸೆಯಿದ್ದರೆ ಉಡುಪಿ ಜಿಲ್ಲೆಯ ಕಾಪು ಇದೆ: ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ 27 ಮೀಟರ್ ಗೋಪುರ. ಕತ್ತಲಾದ ಮೇಲೆ ದಂಡೆಯಲ್ಲಿ ಕುಳಿತು ಮಿನುಗಿನಿಂದ ಮಿನುಗಿಗೆ ಎಷ್ಟು ಸೆಕೆಂಡೆಂದು ಮಕ್ಕಳಿಂದ ಎಣಿಸಿ. ದೀಪದಿಂದ ದೀಪಕ್ಕೆ ಆ ಲೆಕ್ಕ ಬೇರೆ; ನಾವಿಕರು ಅದರಿಂದಲೇ ಇದು ಯಾವ ದಂಡೆಯೆಂದು ಗುರುತಿಸುತ್ತಾರೆ.

ಇನ್ನೊಂದು ಕೋರಿಕೆ. ಹುಬ್ಬಳ್ಳಿ, ಗದಗ, ಧಾರವಾಡದ ಹತ್ತಿ ವ್ಯಾಪಾರದ ಹಳೆಯ ಮನೆತನಗಳವರು ಕೇಳುತ್ತಿದ್ದರೆ, ಅಟ್ಟದ ಮೇಲಿನ ಲೆಕ್ಕದ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಕುಮಟಾ, ಕಾರವಾರದ ಬಾಡಿಗೆಯ ಬಾಬತ್ತು ಕಂಡರೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯವರಿಗೆ ಒಮ್ಮೆ ತೋರಿಸಿ.