ಪಕ್ಕದವರು ಏನಂತಾರೋ

2022ರ ಸೆಪ್ಟೆಂಬರ್. ನಮ್ಮ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಭೂತಮ್ಮನ ಉತ್ಸವ. ದಲಿತ ಹುಡುಗನೊಬ್ಬ ದೇವರ ಮೂರ್ತಿಗೆ ಜೋಡಿಸಿದ ಗುಜ್ಜುಕೋಲು ಮುಟ್ಟಿದ. ಆ ಒಂದು ಸ್ಪರ್ಶಕ್ಕೆ ಊರಿನ ಕೆಲವರು ಹೇರಿದ ದಂಡ 60,000 ರೂಪಾಯಿ. ಸುದ್ದಿ ಪತ್ರಿಕೆ, ಟಿ.ವಿ.ಗಳಲ್ಲಿ ಬಂತು, ಅಧಿಕಾರಿಗಳು ಬಂದರು, ಆ ಹುಡುಗನ ಕುಟುಂಬ ದೇವಸ್ಥಾನದ ಒಳಗೆ ಕಾಲಿಟ್ಟಿತು.

ದಂಡದ ಮಾತು ಬಂದಾಗ ಒಳಗೊಳಗೇ ‘ಇದು ಅನ್ಯಾಯ’ ಅಂದುಕೊಂಡು ಸುಮ್ಮನಿದ್ದವರು ಎಷ್ಟು ಜನ? ಯಾರೂ ಲೆಕ್ಕ ಇಟ್ಟಿಲ್ಲ.

ಇಂಥದೇ ಲೆಕ್ಕವನ್ನು ಲಿಯೊನಾರ್ಡೊ ಬರ್ಸ್ಟಿನ್ ಎಂಬ ಅರ್ಥಶಾಸ್ತ್ರಜ್ಞ ಮತ್ತು ಸಂಗಡಿಗರು ಸೌದಿ ಅರೇಬಿಯಾದಲ್ಲಿ ಹಾಕಿದರು. ಹೆಂಗಸರು ಹೊರಗೆ ದುಡಿಯಬಹುದೇ ಎಂದು ಮದುವೆಯಾದ ಯುವಕರನ್ನು ಗುಟ್ಟಾಗಿ ಕೇಳಿದರೆ ಬಹುಪಾಲು ಮಂದಿ ‘ಹೂಂ’ ಅಂದರು. ಪಕ್ಕದವರು? ‘ಅವರೆಲ್ಲಿ ಒಪ್ತಾರೆ ಬಿಡಿ!’ ಹೆಚ್ಚಿನವರು ಪಕ್ಕದವರಿಗೇ ಹೆದರಿದ್ದರು. ನಿಜವಾದ ಸಂಖ್ಯೆ ತಿಳಿಸಿದ ಮೇಲೆ ಹೆಂಡತಿಗೆ ಕೆಲಸ ಹುಡುಕಲು ಹೆಸರು ಬರೆಸಿದವರು ಹೆಚ್ಚಾದರು. 2020ರಲ್ಲಿ ಪ್ರಕಟವಾದ ಅಧ್ಯಯನ ಇದು.

ಒಳಗೇ ಉಳಿಯುವ ಇಂಥ ಮಾತು ಹೊರಬರಲು ಒಂದು ಮೈಕು ಬೇಕು. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಸಮುದಾಯ ಬಾನುಲಿ ಶುರುವಾದಾಗ ಹಳ್ಳಿಯ ಹೆಂಗಸರೂ ಮೈಕಿನ ಮುಂದೆ ಕೂತಿದ್ದರು. ಮುಳಬಾಗಿಲಲ್ಲೋ ಶ್ರೀನಿವಾಸಪುರದಲ್ಲೋ ಅರಳಿಕಟ್ಟೆಯ ಮೇಲೆ ಬಾಯಿಬಿಡದವರು ಅಂಥ ಮೈಕಿನ ಮುಂದೆ ಏನು ಹೇಳಿಯಾರು? ನನಗಂತೂ ಕೇಳುವ ಕುತೂಹಲ.