ಎರಡು ಕಮಾನುಗಳ ವಂಶಾವಳಿ

ಹಳಗನ್ನಡದ ೞಕಾರವು ಕಾಲಕ್ರಮದಲ್ಲಿ ನಮ್ಮ ನಾಲಗೆಯಿಂದ ಜಾರಿಹೋಯಿತು. ‘ಪೞೆಯ’ ಎಂಬುದು ‘ಹಳೆಯ’ ಎಂದಾಯಿತು. ಅಕ್ಷರಗಳೆರಡು ಮಾರ್ಪಟ್ಟರೂ ಶಬ್ದ ಅದೇ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಅಳಿದುಹೋದ ಆದಿಸರೀಸೃಪಗಳನ್ನು ವರ್ಗೀಕರಿಸುವ ವಿಜ್ಞಾನಿಗಳಿಗೂ ಇಂಥದೇ ಸಮಸ್ಯೆಯುಂಟೆಂದು ಓದಿ ತಿಳಿದಾಗ, ಕನ್ನಡದ ಅಧ್ಯಾಪಕನಾದ ನನಗೆ ಆ ಶಾಸ್ತ್ರ ಪರಕೀಯವೆನಿಸಲಿಲ್ಲ.

ಕಣ್ಣಿನ ಕುಳಿಯ ಹಿಂದೆ, ತಲೆಬುರುಡೆಯ ಒಂದೊಂದು ಪಕ್ಕದಲ್ಲಿಯೂ ಎರಡೆರಡು ರಂಧ್ರಗಳು. ಅವುಗಳ ಅಂಚಿನಲ್ಲಿ ಮೂಳೆಯ ಕಮಾನುಗಳು. ಈ ಲಕ್ಷಣವುಳ್ಳ ಗುಂಪಿಗೆ ಅಮೆರಿಕದ ಆಸ್ಬರ್ನ್ 1903ರಲ್ಲಿ ‘ಡಯಾಪ್ಸಿಡ’ ಎಂದು ಹೆಸರಿಟ್ಟರು. ಎರಡು ಕಮಾನುಗಳುಳ್ಳವು ಎಂದರ್ಥ. ಮೊಸಳೆ, ಹಲ್ಲಿ, ಹಕ್ಕಿಗಳು ಈ ವಂಶದವು. ಹಾವಿನ ತಲೆಯಲ್ಲಿ ಎರಡು ಕಮಾನುಗಳೂ ಅಳಿದಿವೆ. ಆದರೂ ಅದು ಈ ಮನೆತನದ್ದೇ.

1914ರಲ್ಲಿ ರಾಬರ್ಟ್ ಬ್ರೂಮ್ ದಕ್ಷಿಣ ಆಫ್ರಿಕದ ‘ಯಂಗೈನಾ’ ಎಂಬ ಪ್ರಾಣಿಯನ್ನು ವರ್ಣಿಸಿ, ಅದಕ್ಕಾಗಿ ‘ಇಯೋಸೂಕಿಯ’ ಎಂಬ ಗಣವನ್ನು ಕಲ್ಪಿಸಿದರು. ಮುಂದಿನವರು ಎಲ್ಲಿಯೂ ಸಲ್ಲದ ಆದಿಜೀವಿಗಳನ್ನು ಅದರೊಳಗೆ ಸೇರಿಸುತ್ತ ಬಂದರು. ವಿಷಯ ತಿಳಿಯದ ಓಲೆಗರಿಗಳನ್ನು ಒಂದೇ ಕಟ್ಟಿನಲ್ಲಿ ಬಿಗಿದಿಟ್ಟರೆ ಅವು ಒಂದೇ ಗ್ರಂಥವಾಗುವುದುಂಟೇ? ಕೊನೆಗೆ ಆ ಗಣವನ್ನು ಕೈಬಿಡಬೇಕಾಯಿತು.

ಇನ್ನೊಂದು ಉದಾಹರಣೆ. ಟೆಕ್ಸಾಸ್‌ನ ‘ಅರಿಯೋಸೆಲಿಸ್’ 1910ರಲ್ಲಿ ಬೆಳಕಿಗೆ ಬಂತು. ಅದಕ್ಕೆ ಮೇಲಿನ ರಂಧ್ರ ಮಾತ್ರ ಉಂಟು. ಆದ್ದರಿಂದ ಅದನ್ನು ಬೇರೆ ಗುಂಪಿಗೆ ಸೇರಿಸಿದರು. ಕ್ಯಾನ್ಸಸ್‌ನಲ್ಲಿ ದೊರೆತ, ಸುಮಾರು 30 ಕೋಟಿ ವರ್ಷಗಳಷ್ಟು ಹಳೆಯ ‘ಪೆಟ್ರೊಲಕೋಸಾರಸ್’ಗೆ ಎರಡು ರಂಧ್ರಗಳೂ ಇವೆ. 1977ರಲ್ಲಿ ರಾಬರ್ಟ್ ರೈಸ್ ಅದನ್ನು ಅಂದಿಗೆ ತಿಳಿದಿದ್ದ ಅತಿ ಪ್ರಾಚೀನ ಡಯಾಪ್ಸಿಡ್ ಎಂದು ಸಾರಿದರು. 1984ರಲ್ಲಿ ಅವರೂ ಸಂಗಡಿಗರೂ ಅರಿಯೋಸೆಲಿಸ್‌ನ ಎಲುಬುಗಳನ್ನು ಮತ್ತೆ ಪರಿಶೀಲಿಸಿದರು. ಇವೆರಡೂ ಹತ್ತಿರದ ನೆಂಟರೆಂದೂ, ಅರಿಯೋಸೆಲಿಸ್‌ನ ಕೆಳರಂಧ್ರವು ಅನಂತರ ಮುಚ್ಚಿಹೋದದ್ದೆಂದೂ ನಿರ್ಣಯಿಸಿದರು. ನಮ್ಮ ೞಕಾರದ ಕಥೆಯೇ ಅಲ್ಲಿಯೂ ನಡೆದಿತ್ತು.

ಈ ನಿರ್ಣಯವೂ ಕಡೆಯ ಮಾತಲ್ಲ. ಎರಡು ರಂಧ್ರಗಳ ಲಕ್ಷಣವೇ ಒಂದಕ್ಕಿಂತ ಹೆಚ್ಚು ಸಲ ಮೂಡಿರಬಹುದೆಂದು ಈಚಿನ ಕೆಲವು ವಿದ್ವಾಂಸರು ವಾದಿಸುತ್ತಾರೆ. ಪೆಟ್ರೊಲಕೋಸಾರಸ್‌ನ ಬಳಗವನ್ನು ಇನ್ನೂ ಬುಡದ ಕೊಂಬೆಗೆ ಸರಿಸುತ್ತಾರೆ. ಇದನ್ನು ಶಾಸ್ತ್ರದ ಚಂಚಲತೆ ಎಂದು ನಾನು ಭಾವಿಸುವುದಿಲ್ಲ. ಹೊಸ ಪ್ರತಿಯೊಂದು ದೊರೆತಾಗ ಗ್ರಂಥಸಂಪಾದಕನು ತಾನು ಒಪ್ಪಿದ ಪಾಠವನ್ನು ಮತ್ತೆ ಪರಿಶೀಲಿಸುವುದಿಲ್ಲವೇ? ರಂಧ್ರವೊಂದು ಸಾಕ್ಷಿ ನುಡಿದೀತು; ತೀರ್ಪು ಕೊಡಬೇಕಾದರೆ ಇಡಿಯ ಅಸ್ಥಿಪಂಜರವನ್ನು ಓದಬೇಕು.